ಯಂತ್ರದ ಮರ್ಮ ಯಾರ ಸೊತ್ತು?

ಮನುಷ್ಯನು ತನ್ನ ಕೈಗೆ ನೆರವಾಗಲೆಂದು ಮಾಡಿಕೊಂಡ ಸಾಧನಗಳಲ್ಲಿ ಎರಡು ಬಗೆಯುಂಟು. ಬಿಚ್ಚಿ ನೋಡಬಹುದಾದವು ಒಂದು ಬಗೆ. ಬಿಚ್ಚಲು ಬಾರದವು ಇನ್ನೊಂದು ಬಗೆ. ನೇಗಿಲು, ಏತ, ಬೈಸಿಕಲ್ಲು, ಹೊಲಿಗೆಯ ಯಂತ್ರ ಇವೆಲ್ಲ ಮೊದಲನೆಯ ಬಗೆಗೆ ಸೇರಿದವು. ನೇಗಿಲು ಮುರಿದರೆ ಊರಿನ ಬಡಗಿ ಅದನ್ನು ಸರಿಪಡಿಸಬಲ್ಲನು. ಬೈಸಿಕಲ್ಲಿನ ಸರಪಳಿ ಕಳಚಿದರೆ ಹತ್ತು ವರ್ಷದ ಹುಡುಗನೂ ಅದನ್ನು ಮತ್ತೆ ಕೂಡಿಸಬಲ್ಲನು. ಇಂಥ ಸಾಧನವನ್ನು ಕೊಂಡವನು ಅದರ ಉಪಯೋಗದೊಡನೆ ಅದರ ಮರ್ಮವನ್ನೂ ಕೊಂಡಿರುತ್ತಾನೆ. ಆದರೆ ಇಂದು ನಮ್ಮ ಶಾಲೆಗಳಿಗೂ ಮನೆಗಳಿಗೂ ಬಂದಿರುವ ಗಣಕಯಂತ್ರದ ವಿಷಯದಲ್ಲಿ ಈ ಮಾತನ್ನು ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಹಣ ಕೊಟ್ಟವರು ನಾವು; ಯಂತ್ರವು ನಮ್ಮ ಮೇಜಿನ ಮೇಲಿದೆ; ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯುವ ಹಕ್ಕು ನಮಗಿದೆಯೇ? ಯಂತ್ರದ ಮರ್ಮ ಮಾಡಿದವನ ಸೊತ್ತೋ, ಕೊಂಡವನ ಸೊತ್ತೋ? ಈ ಪ್ರಶ್ನೆಯನ್ನು ಗಣಕದ ಒಂದು ಸಣ್ಣ ಭಾಗವನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಆ ಭಾಗದ ಹೆಸರು ಗ್ರಾಫಿಕ್ಸ್ ಡ್ರೈವರ್. ಕನ್ನಡದಲ್ಲಿ ಅದನ್ನು ಚಿತ್ರಚಾಲಕ ಎಂದು ಕರೆಯಬಹುದು.

ಚಿತ್ರಚಾಲಕದ ಕೆಲಸವೇನೆಂಬುದನ್ನು ತಿಳಿಯಲು ನಮ್ಮ ಭಾಷೆಯ ಒಂದು ಅಕ್ಷರವನ್ನೇ ತೆಗೆದುಕೊಳ್ಳೋಣ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಆದರೆ ಗಣಕದ ಸ್ಮೃತಿಯಲ್ಲಿ ಅದು ಆರು ಸಂಕೇತಗಳ ಒಂದು ಸಾಲು: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೊಮ್ಮೆ ಅದೇ ಚಿಹ್ನೆ, ರ, ಕೊನೆಯಲ್ಲಿ ದೀರ್ಘ ಈಕಾರದ ಗುರುತು. ಈ ಆರನ್ನು ಇದ್ದಂತೆಯೇ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟರೆ ಕನ್ನಡವಾಗುವುದಿಲ್ಲ. ತಕಾರ ರಕಾರಗಳು ಒತ್ತುಗಳಾಗಿ ಇಳಿಯಬೇಕು. ಎಲ್ಲಕ್ಕಿಂತ ಕೊನೆಗೆ ಬಂದ ಈಕಾರವು ಎಲ್ಲಕ್ಕಿಂತ ಮೊದಲಿನ ಸಕಾರಕ್ಕೆ ಹೋಗಿ ಅಂಟಿಕೊಳ್ಳಬೇಕು. ಈ ಜೋಡಣೆಯ ಕೆಲಸವನ್ನು ಮಾಡಲು ಹಾರ್ಫ್‌ಬಜ್ ಎಂಬಂಥ ತಂತ್ರಾಂಶಗಳಿವೆ. ಅಕ್ಷರದ ಆಕಾರ ಸಿದ್ಧವಾದ ಮೇಲೆ ಅದನ್ನು ಪರದೆಯ ಮೇಲೆ ಮೂಡಿಸಬೇಕು. ಪರದೆಯಾದರೋ ಅತಿ ಸಣ್ಣ ಬೆಳಕಿನ ಚುಕ್ಕೆಗಳ ಒಂದು ಹೊಲ. ಅಡ್ಡ 1920, ಉದ್ದ 1080 ಚುಕ್ಕೆಗಳಿರುವ ಸಾಮಾನ್ಯ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳಾಗುತ್ತವೆ. ಪರದೆಯು ಸೆಕೆಂಡಿಗೆ 60 ಸಲ ಹೊಸದಾಗುವುದಾದರೆ ಪ್ರತಿ ಸೆಕೆಂಡಿಗೂ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಸಲ ‘ಈ ಚುಕ್ಕೆಯ ಬಣ್ಣವೇನು?’ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕು. ಇಷ್ಟು ಕೆಲಸವನ್ನು ಹೊರಲು ಗಣಕದೊಳಗೆ ಪ್ರತ್ಯೇಕವಾದ ಒಂದು ಚಿಪ್ಪು ಇರುತ್ತದೆ. ಅದೇ ಗ್ರಾಫಿಕ್ಸ್ ಚಿಪ್ಪು.

ಈ ಚಿಪ್ಪಿಗೆ ಶಕ್ತಿಯುಂಟು, ಭಾಷೆಯಿಲ್ಲ. ‘ಇಲ್ಲಿ ಒಂದು ಗೆರೆಯನ್ನು ಎಳೆ’ ಎಂದು ನಾವು ಹೇಳಿದರೆ ಅದಕ್ಕೆ ಅರ್ಥವಾಗದು. ಯಾವ ಕೋಶದಲ್ಲಿ ಯಾವ ಸಂಖ್ಯೆಯನ್ನು ಬರೆದರೆ ಯಾವ ಕೆಲಸ ನಡೆಯುತ್ತದೆ ಎಂಬ ಅದರ ಕಟ್ಟಳೆಯೇ ಬೇರೆ. ಒಂದು ಚಿಪ್ಪಿನ ಕಟ್ಟಳೆ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊನ್ನಾವರದಲ್ಲಿ ಶರಾವತಿ ಕಡಲನ್ನು ಸೇರುವ ಅಳಿವೆಯನ್ನು ಕಂಡವರಿಗೆ ಈ ಮಾತು ಬೇಗ ಮನಸ್ಸಿಗೆ ಹೋದೀತು. ದಡದಿಂದ ನೋಡಿದರೆ ಎಲ್ಲವೂ ನೀರೇ. ಆದರೆ ನೀರಿನ ಕೆಳಗೆ ಮರಳಿನ ದಿಣ್ಣೆ ಎಲ್ಲಿದೆ, ಏರಿಳಿತದ ಯಾವ ಹೊತ್ತಿನಲ್ಲಿ ಯಾವ ಓಣಿಯಲ್ಲಿ ದೋಣಿ ಸಾಗಬಹುದು ಎಂಬುದನ್ನು ಬಲ್ಲವನು ತಾಂಡೇಲ ಒಬ್ಬನೇ. ದೋಣಿ ಎಷ್ಟೇ ಗಟ್ಟಿಯಾಗಿರಲಿ, ಅಳಿವೆ ಬಲ್ಲ ತಾಂಡೇಲನಿಲ್ಲದಿದ್ದರೆ ಅದು ದಿಣ್ಣೆಗೆ ತಾಗುತ್ತದೆ. ಗಣಕದಲ್ಲಿ ಚಿತ್ರಚಾಲಕವೇ ಆ ತಾಂಡೇಲ. ಗಣಕದ ಉಳಿದ ತಂತ್ರಾಂಶಗಳೆಲ್ಲ ಸಾಮಾನ್ಯ ಭಾಷೆಯಲ್ಲಿ ಕೊಟ್ಟ ಆಜ್ಞೆಗಳನ್ನು ಅದು ಆ ಒಂದು ಚಿಪ್ಪಿನ ಕಟ್ಟಳೆಗೆ ತಿರುಗಿಸಿ ನಡೆಸುತ್ತದೆ. ಚಾಲಕವಿಲ್ಲದಿದ್ದರೆ ಪರದೆ ಮಸುಕಾಗಬಹುದು, ಅಕ್ಷರಗಳು ಅಳತೆಗೆಟ್ಟು ಕಾಣಬಹುದು, ಚಿತ್ರಗಳು ತಡೆತಡೆದು ಚಲಿಸಬಹುದು. ಕೆಲವೊಮ್ಮೆ ಏನೂ ಕಾಣದೆಯೂ ಹೋಗಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಚಾಲಕವನ್ನು ಬರೆಯುವವರು ಮೊದಲು ಅದನ್ನು ಮನುಷ್ಯರು ಓದಿ ತಿಳಿಯಬಹುದಾದ ಭಾಷೆಯಲ್ಲಿ ಬರೆಯುತ್ತಾರೆ. ಇದನ್ನು ಸೋರ್ಸ್ ಕೋಡ್ ಎನ್ನುತ್ತಾರೆ. ನಾವು ಮೂಲ ಬರಹ ಎನ್ನೋಣ. ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶವು ಈ ಬರಹವನ್ನು ಯಂತ್ರದ ಭಾಷೆಗೆ, ಎಂದರೆ ಒಂದು ಸೊನ್ನೆಗಳ ಉದ್ದನೆಯ ಸಾಲಿಗೆ, ತಿರುಗಿಸುತ್ತದೆ. ಹೀಗೆ ತಿರುಗಿಸಿ ಕಟ್ಟುವ ಕ್ರಿಯೆಗೆ ‘ಬಿಲ್ಡ್’ ಎಂದು ಹೆಸರು. ಕೆಲವು ಕಂಪೆನಿಗಳು ಕಟ್ಟಿದ ಪದಾರ್ಥವನ್ನು ಮಾತ್ರ ನಮಗೆ ಕೊಟ್ಟು ಮೂಲ ಬರಹವನ್ನು ಬಚ್ಚಿಟ್ಟುಕೊಳ್ಳುತ್ತವೆ. ಇದು ಮುಚ್ಚಿದ ಚಾಲಕ. ಮೂಲ ಬರಹವನ್ನೇ ಎಲ್ಲರ ಮುಂದಿಟ್ಟು ‘ಓದಿರಿ, ತಿದ್ದಿರಿ, ಕಟ್ಟಿಕೊಳ್ಳಿರಿ, ಇತರರಿಗೂ ಕೊಡಿರಿ’ ಎಂದು ಅನುಮತಿ ನೀಡಿದರೆ ಅದು ಮುಕ್ತ ಚಾಲಕ. ಶಾಲೆಗಳಂಥ ಸಾರ್ವಜನಿಕ ಸ್ಥಳಗಳಲ್ಲಿ ಬಳಸುವ ಯಂತ್ರಗಳಿಗೆ ಚಾಲಕಗಳು ಮುಕ್ತವಾಗಿಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುವೆನು; ನೀವು ತೂಗಿ ನೋಡಬೇಕು.

ಮುಕ್ತ ತಂತ್ರಾಂಶದ ಚಳವಳಿಯ ಬೇರನ್ನು ಹುಡುಕುತ್ತ ಹೋದರೆ ನಾವು ತಲಪುವುದು ಒಂದು ಚಾಲಕದ ಕಥೆಗೇ ಎಂಬುದು ಗಮನಾರ್ಹ. 1980ರ ಸುಮಾರಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪೆನಿಯ ಒಂದು ಹೊಸ ಮುದ್ರಣ ಯಂತ್ರ ಬಂದಿತು. ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆಲ್ಲ ತಿಳಿಯುವಂತೆ ಅಲ್ಲಿಯವರು ಅದರ ತಂತ್ರಾಂಶವನ್ನು ತಿದ್ದಿಕೊಂಡಿದ್ದರು. ಹೊಸ ಯಂತ್ರದೊಡನೆ ಮೂಲ ಬರಹ ಬರಲಿಲ್ಲ. ಆದುದರಿಂದ ತಿದ್ದುವ ಮಾತೇ ಇರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್ಮನ್ ಎಂಬುವರು ಆ ಬರಹವನ್ನು ಹೊಂದಿದ್ದ ಇನ್ನೊಂದು ವಿಶ್ವವಿದ್ಯಾಲಯದ ವಿದ್ವಾಂಸರನ್ನು ಕೇಳಿದರು. ‘ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ’ ಎಂಬ ಉತ್ತರ ಬಂದಿತು. ಒಬ್ಬನು ನೆರೆಯವನಿಗೆ ಸಹಾಯ ಮಾಡುವುದಿಲ್ಲವೆಂದು ಮುಂಚಿತವಾಗಿಯೇ ಮಾತು ಕೊಡುವುದು ಸರಿಯೇ ಎಂಬ ನೈತಿಕ ಪ್ರಶ್ನೆ ಸ್ಟಾಲ್ಮನ್ನರನ್ನು ಕಾಡಿತು. 1983ರಲ್ಲಿ ಅವರು ಸಾರಿದ ‘ಗ್ನೂ’ ಯೋಜನೆಗೆ ಈ ಅನುಭವವೂ ಒಂದು ಪ್ರೇರಣೆಯಾಯಿತು. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟನು. 1993ರಲ್ಲಿ ಬ್ರಯನ್ ಪಾಲ್ ಎಂಬ ಅಮೆರಿಕದ ಎಂಜಿನಿಯರು ಬಿಡುವಿನ ವೇಳೆಯಲ್ಲಿ ಆರಂಭಿಸಿ 1995ರಲ್ಲಿ ಪ್ರಕಟಿಸಿದ ‘ಮೆಸಾ’ ಎಂಬ ತಂತ್ರಾಂಶವು ಚಿತ್ರ ಬರೆಯುವ ವಿದ್ಯೆಯನ್ನು ಮುಕ್ತ ಗಣಕಗಳಿಗೆ ತಂದಿತು.

ಇಂದು ಒಂದು ಮುಕ್ತ ಚಿತ್ರಚಾಲಕವೆಂದರೆ ಸ್ಥೂಲವಾಗಿ ಎರಡು ಅರ್ಧಗಳು. ಒಂದರ್ಧ ಲಿನಕ್ಸ್ ತಿರುಳಿನ ಒಳಗಿದ್ದು ಚಿಪ್ಪಿನ ಸ್ಮೃತಿಯನ್ನು ಹಂಚುತ್ತದೆ, ಕೆಲಸಗಳನ್ನು ಸರದಿಯಲ್ಲಿ ನಿಲ್ಲಿಸುತ್ತದೆ, ಪರದೆಯನ್ನು ಎಚ್ಚರಿಸುತ್ತದೆ. ಇನ್ನೊಂದರ್ಧ ಮೆಸಾದಲ್ಲಿದ್ದು ಚಿತ್ರದ ಆಜ್ಞೆಗಳನ್ನು ಚಿಪ್ಪಿನ ಸ್ವಂತ ಭಾಷೆಗೆ ಅನುವಾದಿಸುತ್ತದೆ. ಈ ಎರಡರ ಮೂಲ ಬರಹವನ್ನೂ ಯಾರು ಬೇಕಾದರೂ ತರಿಸಿಕೊಂಡು ಓದಬಹುದು.

ಆದರೆ ಓದಲು ಬರಹವಿರಬೇಕಾದರೆ ಮೊದಲು ಅದನ್ನು ಬರೆಯಬೇಕು. ಬರೆಯಬೇಕಾದರೆ ಚಿಪ್ಪಿನ ಕಟ್ಟಳೆ ತಿಳಿದಿರಬೇಕು. ಮಾಡಿದವರೇ ಅದನ್ನು ಹೇಳದಿದ್ದರೆ ಏನು ಗತಿ? ಎನ್‌ವಿಡಿಯಾ ಕಂಪೆನಿಯ ಚಿಪ್ಪುಗಳ ವಿಷಯದಲ್ಲಿ ಹೀಗೆಯೇ ಆಯಿತು. 2005-06ರ ಸುಮಾರಿಗೆ ಕೆಲವು ಸ್ವಯಂಸೇವಕರು ‘ನೂವೋ’ ಎಂಬ ಮುಕ್ತ ಚಾಲಕವನ್ನು ಬರೆಯಲು ತೊಡಗಿದರು. ನೂವೋ ಎಂದರೆ ಫ್ರೆಂಚ್ ಭಾಷೆಯಲ್ಲಿ ಹೊಸದು ಎಂದರ್ಥ. ಅವರು ಅನುಸರಿಸಿದ ದಾರಿ ಕುತೂಹಲಕರವಾಗಿದೆ. ಕಂಪೆನಿಯ ಮುಚ್ಚಿದ ಚಾಲಕವನ್ನು ಓಡಿಸುವುದು. ಅದು ಚಿಪ್ಪಿನ ಯಾವ ಕೋಶದಲ್ಲಿ ಯಾವ ಸಂಖ್ಯೆ ಬರೆಯಿತು ಎಂಬುದನ್ನು ದಾಖಲಿಸುವುದು. ಚಿತ್ರದಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿ ಮತ್ತೆ ಓಡಿಸುವುದು. ಎರಡು ದಾಖಲೆಗಳನ್ನು ಹೋಲಿಸಿ ನೋಡುವುದು. ಗೊತ್ತಿಲ್ಲದ ಲಿಪಿಯ ಶಾಸನವನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಶಾಸನತಜ್ಞನ ತಾಳ್ಮೆ ಇದಕ್ಕೆ ಬೇಕು. ಹಲವು ವರ್ಷಗಳ ಈ ತಪಸ್ಸಿನ ಫಲವಾಗಿ 2010ರಲ್ಲಿ ನೂವೋ ಲಿನಕ್ಸ್ ತಿರುಳಿನಲ್ಲಿ ಸ್ಥಾನ ಪಡೆಯಿತು.

ಆದರೆ ಅಷ್ಟಕ್ಕೆ ಅಡ್ಡಿ ನಿವಾರಣೆಯಾಗಲಿಲ್ಲ. 2014ರಿಂದೀಚೆಗೆ ಬಂದ ಅದೇ ಕಂಪೆನಿಯ ಹಲವು ಚಿಪ್ಪುಗಳು ಕಂಪೆನಿಯ ಗುಪ್ತ ಸಹಿಯುಳ್ಳ ಒಳತಂತ್ರಾಂಶವನ್ನು ಮಾತ್ರ ಒಪ್ಪಿಕೊಳ್ಳುವಂತೆ ರಚಿತವಾದವು. ಸಹಿಯಿಲ್ಲದೆ ಚಿಪ್ಪಿನ ವೇಗವನ್ನು ಏರಿಸಲು ಮುಕ್ತ ಚಾಲಕಕ್ಕೆ ಸಾಧ್ಯವಾಗಲಿಲ್ಲ. ಚಿಪ್ಪು ಕೊಂಡವನದು, ಶಕ್ತಿ ಚಿಪ್ಪಿನಲ್ಲಿದೆ, ಆದರೂ ಅದನ್ನು ಬಳಸಲು ಮೂರನೆಯವರ ರಹದಾರಿ ಬೇಕು! ನಮ್ಮ ಕರಾವಳಿಗೆ ಈ ಅನುಭವ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಭಟ್ಕಳ ದೊಡ್ಡ ಬಂದರಾಗಿತ್ತು. ವಿಜಯನಗರಕ್ಕೆ ಬೇಕಾದ ಕುದುರೆಗಳು ಅಲ್ಲಿ ಇಳಿಯುತ್ತಿದ್ದವು, ಮೆಣಸು ಅಕ್ಕಿಗಳು ಅಲ್ಲಿಂದ ಹೊರಡುತ್ತಿದ್ದವು. ಪೋರ್ಚುಗೀಸರು ಬಂದ ಮೇಲೆ ಅರಬ್ಬೀ ಸಮುದ್ರದಲ್ಲಿ ಸಾಗುವ ಹಡಗುಗಳು ‘ಕಾರ್ತಾಜ್’ ಎಂಬ ಅವರ ರಹದಾರಿ ಪತ್ರವನ್ನು ಹಣ ಕೊಟ್ಟು ಪಡೆಯಬೇಕಾಯಿತು. ಪತ್ರವಿಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದರು. ಕಡಲು ಯಾರೂ ಮಾಡಿದ್ದಲ್ಲ, ಹಡಗು ವ್ಯಾಪಾರಿಯದು. ಆದರೂ ಪತ್ರ ಪರರದು. ಚಿಪ್ಪನ್ನು ಮಾಡಿದ ಕಂಪೆನಿಗೂ ಬಲಾತ್ಕಾರದಿಂದ ಕಡಲನ್ನು ಹಿಡಿದವರಿಗೂ ಅಂತರವಿದೆ, ನಿಜ; ಕಂಪೆನಿಯು ದುಡಿದು ಚಿಪ್ಪನ್ನು ರಚಿಸಿದೆ. ಆದರೆ ಮಾರಿದ ಮೇಲೂ ವಸ್ತುವಿನ ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಳ್ಳುವ ಮನೋಭಾವವು ಎರಡರಲ್ಲಿಯೂ ಒಂದೇ ಬಗೆಯದಲ್ಲವೇ?

ಎಲ್ಲ ಕಂಪೆನಿಗಳೂ ಹೀಗೆಯೇ ನಡೆದುಕೊಂಡವೆಂದು ತಿಳಿಯಬಾರದು. ಇಂಟೆಲ್ ಕಂಪೆನಿಯು ತನ್ನ ಚಿಪ್ಪುಗಳಿಗೆ ಬಹುಕಾಲದಿಂದ ಮುಕ್ತ ಚಾಲಕಗಳನ್ನೇ ಬರೆಯುತ್ತ ಬಂದಿದೆ. ಎಎಮ್‌ಡಿ ಕಂಪೆನಿಯು 2007ರಲ್ಲಿ ತನ್ನ ಗ್ರಾಫಿಕ್ಸ್ ಚಿಪ್ಪುಗಳ ವಿವರಗಳನ್ನು ಬಹಿರಂಗಪಡಿಸುವುದಾಗಿ ಸಾರಿತು. ವಿದ್ಯಾರ್ಥಿಗಳಿಗಾಗಿಯೇ 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕದ ಚಿಪ್ಪಿನ ಗ್ರಾಫಿಕ್ಸ್ ವಿವರಗಳನ್ನು ಬ್ರಾಡ್‌ಕಾಮ್ ಕಂಪೆನಿ 2014ರಲ್ಲಿ ಹೊರಗಿಟ್ಟಿತು. ಕೊನೆಗೆ 2022ರ ಮೇ ತಿಂಗಳಿನಲ್ಲಿ ಎನ್‌ವಿಡಿಯಾ ಕಂಪೆನಿಯೂ ತನ್ನ ಚಾಲಕದಲ್ಲಿ ತಿರುಳಿಗೆ ಸೇರಿದ ಭಾಗದ ಮೂಲ ಬರಹವನ್ನು ಪ್ರಕಟಿಸಿತು. ಈ ಯಾವ ಕಂಪೆನಿಯೂ ಬರಹವನ್ನು ತೆರೆದುದರಿಂದ ಬಾಗಿಲು ಹಾಕಿಕೊಳ್ಳಲಿಲ್ಲ. ಮುಕ್ತತೆ ವ್ಯಾಪಾರಕ್ಕೆ ಮಾರಕವೆಂಬ ಭಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ?

ಇಷ್ಟಾದರೂ ‘ಇದರಿಂದ ನಮಗೇನು? ಪರದೆ ಬೆಳಗಿದರೆ ಸಾಕಲ್ಲವೇ?’ ಎಂದು ಕೇಳುವವರುಂಟು. ಪರದೆ ಇಂದು ಬೆಳಗುತ್ತದೆ. ನಾಳೆಯೂ ಬೆಳಗುವುದೇ ಎಂಬುದೇ ಪ್ರಶ್ನೆ. ಗಣಕದ ಲೋಹದ ಭಾಗಗಳು ಹತ್ತು ಹದಿನೈದು ವರ್ಷ ಬಾಳಬಲ್ಲವು. ಆದರೆ ಮುಚ್ಚಿದ ಚಾಲಕದ ಆಯುಸ್ಸು ಅದನ್ನು ಮಾಡಿದವರ ಇಚ್ಛೆಯನ್ನು ಅವಲಂಬಿಸಿದೆ. ಹಳೆಯ ಚಿಪ್ಪಿಗೆ ಹೊಸ ಚಾಲಕವನ್ನು ಬರೆಯುವುದು ಲಾಭವಲ್ಲವೆಂದು ಕಂಪೆನಿಗೆ ತೋರಿದ ದಿನ ಅದು ನಿಂತುಹೋಗುತ್ತದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10 ಎಂಬ ತನ್ನ ವ್ಯವಸ್ಥೆಗೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯನ್ನು ಹೊರಲಾರದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಗಣಕಗಳು ಲೋಕದಲ್ಲಿ ಅಸಂಖ್ಯಾತವಾಗಿವೆ. ಇಂಥ ಗಣಕಗಳು ಶ್ರೀಮಂತ ಕಚೇರಿಗಳಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ. ಅವು ಉಳಿಯುವುದು ಹಳ್ಳಿಯ ಶಾಲೆಗಳಲ್ಲಿ, ಸಣ್ಣ ಗ್ರಂಥಾಲಯಗಳಲ್ಲಿ, ಬಡವರ ಮನೆಗಳಲ್ಲಿ. ಮೇಲಾಗಿ ನಮ್ಮ ಕರಾವಳಿಯ ಉಪ್ಪುಗಾಳಿಯೂ ಮಳೆಗಾಲದ ತೇವವೂ ಯಂತ್ರಗಳಿಗೆ ಮೊದಲೇ ಶತ್ರುಗಳು. ಅವುಗಳನ್ನು ಗೆದ್ದು ಉಳಿದ ಯಂತ್ರವನ್ನು ಕೇವಲ ಚಾಲಕವಿಲ್ಲವೆಂಬ ಕಾರಣಕ್ಕೆ ಮೂಲೆಗೆ ಸೇರಿಸುವುದು ಎಂಥ ಅನ್ಯಾಯ! ಶಾಲೆಯೊಂದರಲ್ಲಿ ಹತ್ತು ಯಂತ್ರಗಳು ಮೂಲೆ ಸೇರಿದರೆ ನಷ್ಟ ಯಂತ್ರದ್ದಲ್ಲ, ಮಕ್ಕಳದು.

ಮುಕ್ತ ಚಾಲಕಗಳ ಇತಿಹಾಸದಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನ ದೊರೆಯುತ್ತದೆ. 2002ರಲ್ಲಿ ಬಂದ ರೇಡಿಯಾನ್ 9700 ಎಂಬ ಕಾರ್ಡಿನ ವರ್ಗಕ್ಕೆ ಸೇರಿದ ಚಿಪ್ಪುಗಳನ್ನು ಮಾಡಿದವರು ಬಹಳ ಹಿಂದೆಯೇ ಮರೆತರು. ಆದರೆ ಮೂಲ ಬರಹ ತೆರೆದಿದ್ದುದರಿಂದ, 20 ವರ್ಷ ದಾಟಿದ ಮೇಲೂ ಕೆಲವರು ಸ್ವಂತ ಆಸಕ್ತಿಯಿಂದ ಅವುಗಳ ಚಾಲಕವನ್ನು ಸುಧಾರಿಸುತ್ತ ಬಂದರು. ಮುಚ್ಚಿದ ಪೆಟ್ಟಿಗೆಯಲ್ಲಿ ಇಂಥ ಮಮತೆಗೆ ಅವಕಾಶವೇ ಇಲ್ಲ.

ಎದುರು ವಾದಗಳನ್ನೂ ನ್ಯಾಯವಾಗಿ ಕೇಳಬೇಕು. ‘ಕೋಟ್ಯಂತರ ಹಣ ಸುರಿದು ಕಂಡುಹಿಡಿದುದನ್ನು ಪ್ರತಿಸ್ಪರ್ಧಿಗಳ ಮುಂದಿಡುವುದು ಹೇಗೆ?’ ಎಂದು ಕಂಪೆನಿಗಳು ಕೇಳುತ್ತವೆ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಚಾಲಕವನ್ನು ತೆರೆಯುವುದೆಂದರೆ ಚಿಪ್ಪಿನ ನಕ್ಷೆಯನ್ನೇ ಕೊಡುವುದಲ್ಲ. ಬೈಸಿಕಲ್ಲನ್ನು ಬಿಚ್ಚುವ ರೀತಿಯನ್ನು ತಿಳಿಸಿದವನು ಬೈಸಿಕಲ್ಲಿನ ಕಾರ್ಖಾನೆಯನ್ನು ಬಿಟ್ಟುಕೊಟ್ಟಂತಾಗುವುದಿಲ್ಲ. ‘ಮುಚ್ಚಿದ ಚಾಲಕವೇ ಕೆಲವೊಮ್ಮೆ ಹೆಚ್ಚು ವೇಗವುಳ್ಳದ್ದು’ ಎಂಬುದು ಇನ್ನೊಂದು ವಾದ. ಕೆಲವು ಚಿಪ್ಪುಗಳ ವಿಷಯದಲ್ಲಿ, ಅದರಲ್ಲಿಯೂ ಆಟಗಳ ವಿಷಯದಲ್ಲಿ, ಇದು ನಿಜವಾಗಿದ್ದುದುಂಟು. ಆದರೆ ಆ ವೇಗದ ಭೇದಕ್ಕೆ ಎಷ್ಟೋ ಸಲ ಕಾರಣವಾದದ್ದು ವಿವರಗಳನ್ನು ಬಚ್ಚಿಟ್ಟುದೇ ಹೊರತು ತೆರೆದುದಲ್ಲ. ವಿವರ ದೊರೆತಲ್ಲಿ ಮುಕ್ತ ಚಾಲಕಗಳು ಹಿಂದೆ ಬಿದ್ದಿಲ್ಲ. ಇನ್ನೊಂದು ಮಾತನ್ನೂ ಮರೆಮಾಡಬಾರದು: ಮುಕ್ತವೆಂದು ಹೆಸರಾದ ಅನೇಕ ಚಾಲಕಗಳ ಜೊತೆಯಲ್ಲಿ ಚಿಪ್ಪಿನೊಳಗೆ ಓಡುವ ಒಂದು ಸಣ್ಣ ತಂತ್ರಾಂಶ ಇನ್ನೂ ಮುಚ್ಚಿಯೇ ಇದೆ. ದಾರಿ ಅರ್ಧ ಸವೆದಿದೆ, ಪೂರ್ತಿಯಾಗಿಲ್ಲ.

ತೆರೆದಿಟ್ಟ ಮಾತ್ರಕ್ಕೆ ಎಲ್ಲವೂ ತಾನಾಗಿ ಒಳ್ಳೆಯದಾಗುವುದೆಂದು ನಂಬುವುದೂ ತಪ್ಪು. ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಹಿನ್ನೀರಿನ ಅಂಚಿಗೆ ಗಜನಿ ಭೂಮಿಗಳಿವೆ. ಮಳೆಗಾಲದಲ್ಲಿ ನೀರಿನ ಉಪ್ಪು ತಗ್ಗಿದಾಗ ಅಲ್ಲಿ ಕಗ್ಗವೆಂಬ ಬತ್ತ ಬೆಳೆಯುತ್ತದೆ. ಉಪ್ಪನ್ನು ತಾಳಿಕೊಳ್ಳುವ ಈ ತಳಿಯ ಬೀಜವನ್ನು ಯಾವ ಕಂಪೆನಿಯೂ ಮಾಡಿಕೊಟ್ಟದ್ದಲ್ಲ. ರೈತರು ತಲೆಮಾರುಗಳಿಂದ ಆರಿಸಿ, ಉಳಿಸಿ, ಒಬ್ಬರಿಗೊಬ್ಬರು ಕೊಟ್ಟು ಕಾಪಾಡಿಕೊಂಡು ಬಂದದ್ದು. ಕಡಲಿನ ನೀರನ್ನು ತಡೆಯುವ ಒಡ್ಡುಗಳನ್ನು ಕಟ್ಟಿ ಕಾಯುವುದಕ್ಕೂ ಹಲವರ ಕೈ ಬೇಕು. ಒಡ್ಡು ಎಲ್ಲರದು ಎಂದು ಹೇಳಿ ಎಲ್ಲರೂ ಮನೆಯಲ್ಲಿ ಕುಳಿತರೆ ಒಂದು ದಿನ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಮುಕ್ತ ತಂತ್ರಾಂಶವೂ ಹೀಗೆಯೇ. ನೋಡಿಕೊಳ್ಳುವವರು ಇಲ್ಲದ ಕೆಲವು ಹಳೆಯ ಚಾಲಕಗಳನ್ನು ಮೆಸಾದವರು 2022ರ ಆವೃತ್ತಿಯಿಂದ ಹೊರತೆಗೆದು ‘ಆಂಬರ್’ ಎಂಬ ಬೇರೆ ಶಾಖೆಯಲ್ಲಿ ಇರಿಸಬೇಕಾಯಿತು. ಬರಹ ನಾಶವಾಗಲಿಲ್ಲ, ಬೇಕಾದವರು ಇಂದಿಗೂ ಅದನ್ನು ಎತ್ತಿಕೊಳ್ಳಬಹುದು. ಮುಚ್ಚಿದ ಚಾಲಕಕ್ಕೂ ತೆರೆದ ಚಾಲಕಕ್ಕೂ ಇರುವ ಅಂತರ ಇದು: ಮೊದಲನೆಯದನ್ನು ಕೈಬಿಟ್ಟರೆ ಅದು ಸತ್ತಂತೆ, ಎರಡನೆಯದನ್ನು ಕೈಬಿಟ್ಟರೆ ಅದು ಇನ್ನೊಂದು ಕೈಗಾಗಿ ಕಾದಿರುತ್ತದೆ. ಆದರೆ ಕೈಯೊಂದು ಬಂದೇ ತೀರಬೇಕು.

ಆ ಕೈ ನಮ್ಮ ನಾಡಿನದಾಗಬಾರದೇಕೆ? ಇದು ಬರಿಯ ಹಾರೈಕೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ 1998ರಲ್ಲಿ ಆಲೋಚಿಸಿ 2001ರಲ್ಲಿ ಲೋಕದ ಮುಂದಿಟ್ಟ ಸಿಂಪ್ಯೂಟರ್ ಎಂಬ ಕೈಗಣಕವು ಲಿನಕ್ಸ್ ಆಧಾರದ ಮೇಲೆ ನಡೆಯುತ್ತಿತ್ತು. ಅದರ ಯಂತ್ರರಚನೆಯನ್ನೂ ಇತರರಿಗೆ ತೆರೆದಿಡುವ ಒಂದು ವಿಶಿಷ್ಟ ಪರವಾನಗಿಯನ್ನು ಅವರು ರೂಪಿಸಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ ಅದು ಮಾರುಕಟ್ಟೆಗೂ ಬಂದಿತು. ನಿರೀಕ್ಷಿಸಿದಷ್ಟು ಅದು ಹರಡಲಿಲ್ಲ. ಆದರೆ ಬಡವರ ಕೈಗೆಟುಕುವ ಯಂತ್ರದ ಮರ್ಮವೂ ತೆರೆದಿರಬೇಕೆಂಬ ಆಲೋಚನೆ ಕನ್ನಡ ನಾಡಿನಲ್ಲಿಯೇ ಮೊಳೆತಿತ್ತೆಂಬುದನ್ನು ನಾವು ಮರೆಯಬಾರದು. ಇಂದು ಬೆಂಗಳೂರಿನಲ್ಲಿರುವ ಇಂಟೆಲ್ ಸಂಸ್ಥೆಯ ಎಂಜಿನಿಯರುಗಳು ಲಿನಕ್ಸ್‌ನ ಚಿತ್ರಚಾಲಕವನ್ನು ಬರೆಯುವವರ ಸಾಲಿನಲ್ಲಿದ್ದಾರೆ. ಲೋಕದ ಯಾವುದೋ ಮೂಲೆಯಲ್ಲಿ ಬೆಳಗುವ ಪರದೆಯ ಹಿಂದೆ ನಮ್ಮ ನಾಡಿನಲ್ಲಿ ಕುಳಿತು ಬರೆದ ಸಾಲುಗಳಿರುವುದು ಸಂತೋಷದ ಸಂಗತಿ.

ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಕಾಸರಗೋಡು ಸಿಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಕೇರಳಕ್ಕೆ ಸೇರಿತು. ಕೇರಳ ಸರ್ಕಾರವು ತನ್ನ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸುವ ನೀತಿಯನ್ನು ಅನುಸರಿಸುತ್ತ ಬಂದಿದೆ. ಗ್ನೂ ಲಿನಕ್ಸ್ ಅಲ್ಲಿನ ಶಾಲಾ ಗಣಕಗಳ ವ್ಯವಸ್ಥೆ. ಆದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಮುಕ್ತ ವ್ಯವಸ್ಥೆಯ ಮೇಲೆ ಗಣಕವಿದ್ಯೆಯನ್ನು ಕಲಿಯುತ್ತಾರೆ. ಅವರಿಗೆ ಸಾಧ್ಯವಾದುದು ಭಟ್ಕಳದ, ಹೊನ್ನಾವರದ, ಕುಮಟೆಯ ಮಕ್ಕಳಿಗೆ ಅಸಾಧ್ಯವಾಗುವುದು ಹೇಗೆ? ಶಾಲೆಗಳಿಗೆ ಗಣಕಗಳನ್ನು ಕೊಳ್ಳುವಾಗ ಬೆಲೆಯನ್ನೂ ವೇಗವನ್ನೂ ವಿಚಾರಿಸುವಂತೆ ‘ಇದರ ಚಾಲಕದ ಮೂಲ ಬರಹ ತೆರೆದಿದೆಯೇ?’ ಎಂಬುದನ್ನೂ ವಿಚಾರಿಸಬೇಕು. ಸಾರ್ವಜನಿಕರ ಹಣದಿಂದ ಕೊಂಡ ಯಂತ್ರದ ಮರ್ಮ ಸಾರ್ವಜನಿಕರಿಗೆ ತಿಳಿದಿರುವುದು ನ್ಯಾಯ. ಈ ಒಂದು ಪ್ರಶ್ನೆಯನ್ನು ಎಲ್ಲ ಶಾಲೆಗಳೂ ಕೇಳತೊಡಗಿದರೆ ಮಾರುವವರು ಉತ್ತರವನ್ನು ಸಿದ್ಧಪಡಿಸಿಕೊಳ್ಳಲೇಬೇಕಾಗುತ್ತದೆ.

ವಿದ್ಯಾರ್ಥಿಗಳಾದ ನೀವು ಮಾಡಬಹುದಾದ ಕೆಲಸವೂ ಉಂಟು. ‘ಚಾಲಕ ಬರೆಯುವುದು ಮಹಾಪಂಡಿತರ ಕೆಲಸ, ಅದಕ್ಕೆ ಬೆಲೆಬಾಳುವ ಯಂತ್ರ ಬೇಕು’ ಎಂದು ಹೆದರಬೇಕಾಗಿಲ್ಲ. 2018ರಲ್ಲಿ ಲಿನಕ್ಸ್ ತಿರುಳಿಗೆ ಸೇರಿದ ‘ವಿಕೆಎಮ್‌ಎಸ್’ ಎಂಬ ಚಾಲಕಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಡ, ಪರದೆಯೂ ಬೇಡ. ಅದು ಇಲ್ಲದ ಪರದೆಯನ್ನು ಇದೆಯೆಂದು ಭಾವಿಸಿ ನಡೆಯುತ್ತದೆ. ಅದನ್ನು ಬೆಳೆಸಿದವರಲ್ಲಿ ಈ ಕ್ಷೇತ್ರಕ್ಕೆ ಹೊಸದಾಗಿ ಕಾಲಿಟ್ಟ ಕಲಿಕೆಯ ತರುಣ ತರುಣಿಯರೂ ಇದ್ದರು. ಕೆಲಸದ ಕ್ರಮವೂ ಸರಳವಾದುದೇ. ಮೂಲ ಬರಹವನ್ನು ತರಿಸಿಕೊಳ್ಳುವುದು. ಅದನ್ನು ಇದ್ದಂತೆಯೇ ಕಟ್ಟಿ ಓಡಿಸುವುದು. ಒಂದು ಸಣ್ಣ ದೋಷವನ್ನು ಹುಡುಕುವುದು. ತಿದ್ದಿ, ಮತ್ತೆ ಕಟ್ಟಿ, ಪರೀಕ್ಷಿಸುವುದು. ತಿದ್ದುಪಡಿಯನ್ನು ಕಾರಣಸಹಿತವಾಗಿ ಹಿರಿಯರ ಪರಿಶೀಲನೆಗೆ ಕಳುಹಿಸುವುದು. ಹಿರಿಯರು ತಪ್ಪು ತೋರಿಸುತ್ತಾರೆ. ಕೆಲವೊಮ್ಮೆ ನಿಷ್ಠುರವಾಗಿಯೂ ತೋರಿಸುತ್ತಾರೆ. ಮತ್ತೆ ತಿದ್ದಬೇಕು. ಹಲವು ಸಲ ತಿದ್ದಿದ ಮೇಲೆ ಒಪ್ಪಿಗೆಯಾದರೆ ನಿಮ್ಮ ಹೆಸರಿನೊಡನೆ ಆ ಸಾಲುಗಳು ಮೂಲ ಬರಹದಲ್ಲಿ ಸೇರುತ್ತವೆ. ಅಲ್ಲಿ ಬರೆದವನ ಊರು ಯಾವುದು, ತಂದೆ ಯಾರು, ಜಾತಿ ಯಾವುದು ಎಂದು ಯಾರೂ ಕೇಳುವುದಿಲ್ಲ. ಬರೆದುದು ಸರಿಯೇ ಎಂದಷ್ಟೇ ಕೇಳುತ್ತಾರೆ.

ಎಲ್ಲರೂ ಸಾಲುಗಳನ್ನೇ ಬರೆಯಬೇಕೆಂದಿಲ್ಲ. ಹಳೆಯ ಗಣಕವೊಂದರಲ್ಲಿ ಮುಕ್ತ ಚಾಲಕವನ್ನು ಓಡಿಸಿ, ಎಲ್ಲಿ ಅಕ್ಷರ ಒಡೆಯಿತು, ಎಲ್ಲಿ ಬಣ್ಣ ಕೆಟ್ಟಿತು ಎಂಬುದನ್ನು ನಿಖರವಾಗಿ ಬರೆದು ತಿಳಿಸುವುದೂ ದೊಡ್ಡ ಸಹಾಯವೇ. ಕನ್ನಡದ ಒತ್ತಕ್ಷರ ಪರದೆಯ ಮೇಲೆ ಸರಿಯಾಗಿ ಮೂಡಿದೆಯೇ ಎಂದು ಹೇಳಬಲ್ಲವರು ಕನ್ನಡಿಗರಲ್ಲದೆ ಬೇರೆ ಯಾರು? 1980ರಲ್ಲಿಯೇ ಅಂಜುಮನ್ ಸಂಸ್ಥೆಯು ಭಟ್ಕಳದಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. 1998ರಲ್ಲಿ ಕೊಂಕಣ ರೈಲು ಮೂರೂ ಊರುಗಳನ್ನು ಮುಂಬಯಿ ಮಂಗಳೂರುಗಳಿಗೆ ಬೆಸೆಯಿತು. ಆ ರೈಲನ್ನೇರಿ ದೂರದ ಪಟ್ಟಣಗಳಿಗೆ ಹೋದ ತರುಣರು ಎಷ್ಟೋ ಮಂದಿ. ಮುಕ್ತ ತಂತ್ರಾಂಶದ ಕೆಲಸವನ್ನಾದರೋ ಊರಿನಲ್ಲಿಯೇ ಕುಳಿತು ಮಾಡಬಹುದು. ಅದಕ್ಕೆ ಬೇಕಾದುದು ಒಂದು ಹಳೆಯ ಗಣಕ, ಒಂದು ಸಂಪರ್ಕ, ಬಹಳಷ್ಟು ತಾಳ್ಮೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮರ್ಮವನ್ನು ಬಚ್ಚಿಟ್ಟ ಯಂತ್ರವು ನಮ್ಮನ್ನು ಗಿರಾಕಿಗಳನ್ನಾಗಿ ಮಾತ್ರ ಕಾಣುತ್ತದೆ. ಮರ್ಮವನ್ನು ತೆರೆದಿಟ್ಟ ಯಂತ್ರವು ನಮ್ಮನ್ನು ಶಿಷ್ಯರನ್ನಾಗಿ ಸ್ವೀಕರಿಸುತ್ತದೆ. ಶ್ರಮಪಟ್ಟರೆ ಗುರುಗಳನ್ನಾಗಿಯೂ ಮಾಡುತ್ತದೆ. ಗಿರಾಕಿಯಾಗಿ ಉಳಿಯುವುದು ಸುಲಭ. ಅದಕ್ಕೆ ಹಣವೊಂದಿದ್ದರೆ ಸಾಕು. ಕಲಿಯುವವನಾಗುವುದು ಕಷ್ಟ. ಶಾಲೆ ಎಂಬುದು ಇರುವುದೇ ಆ ಕಷ್ಟದ ದಾರಿಯನ್ನು ತೋರಿಸುವುದಕ್ಕೆ. ಆದುದರಿಂದ ಶಾಲೆಯೊಳಗೆ ಬರುವ ಯಂತ್ರವೂ ಓದಲು ಬರುವ ಪುಸ್ತಕದಂತೆ ತೆರೆದಿರಬೇಕೆಂದು ಕೇಳುವುದು ಅತ್ಯಾಸೆಯಲ್ಲ, ನಮ್ಮ ಹಕ್ಕು.